ಬೋರ್ಡಿಗೆ ಬೆನ್ನು

ಪರದೆಯ ಹಿಂದೆ ಸೋಫಾದವನು ಬಾಲ ಸುಟ್ಟ ಬೆಕ್ಕಿನಂತೆ ಚಡಪಡಿಸುತ್ತಿದ್ದ. ಸೋಫಾ ಹೊಲಿಯುವುದು ಅವನ ಕಸುಬು. ಎಂಥ ದಪ್ಪ ರೆಕ್ಸಿನ್ನಿಗೂ ಸೂಜಿ ಇಳಿಸುವ ಕೈ ಇವತ್ತು ಕರವಸ್ತ್ರವನ್ನು ಹಿಂಡಿ ಹಿಂಡಿ ಮುದ್ದೆ ಮಾಡಿತ್ತು.

"ಸುಮ್ನೆ ನಿಂತ್ಕೊಳೋ ಮಾರಾಯ, ಪರದೆ ಅಲ್ಲಾಡ್ತಿದೆ," ಎಂದು ಗೆಳೆಯ ಪಿಸುಗುಟ್ಟಿದ. ಅಂಗಡಿಗಳಿಗೆ ಬೋರ್ಡು ಬರೆಯುವವನು ಅವನು. ಉಗುರಿನಲ್ಲಿ ಬಣ್ಣವಿಲ್ಲದ ದಿನವೇ ಇಲ್ಲವಾದ್ದರಿಂದ ಊರಿಗೆಲ್ಲ ಬಣ್ಣದಣ್ಣ.

ಉಪಾಯ ಅವನದೇ. ಸೋಫಾದವನು ಮನಸ್ಸಿಟ್ಟ ಹುಡುಗಿ ಈ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದೂರದ ಊರಿನ ಹೊಸ ಶಾಖೆಯನ್ನು ನೋಡಿಕೊಳ್ಳಲು ಅವಳನ್ನು ಕರೆದಿದ್ದರು. ಹೋಗುವುದೋ ಬಿಡುವುದೋ, ಇವತ್ತು ಮಧ್ಯಾಹ್ನದೊಳಗೆ ಹೇಳಬೇಕು. "ನಿಂಗೇನನ್ಸುತ್ತೆ?" ಎಂದು ಅವಳು ವಾರವಿಡೀ ಕೇಳಿದಳು. ಇವನು ವಾರವಿಡೀ "ನೋಡೋಣ" ಎಂದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಈ ಪುಣ್ಯಾತ್ಮ ಬಾಯಿ ಬಿಡದೆಯೇ ಕೆಟ್ಟವನು. ಈಗ ಮದುವೆಯ ಮಾತೆತ್ತಿದರೆ ಅವಳು ಇಲ್ಲೇ ಉಳಿದಾಳು ಎಂಬುದೊಂದೇ ಆಸೆ.

ಬಣ್ಣದಣ್ಣ ಅಂಗಡಿಯ ಯಜಮಾನರನ್ನು ಒಪ್ಪಿಸಿ, ಬಾಗಿಲು ತೆರೆಯುತ್ತಲೇ ಗೋಡೆಯ ಮೇಲಿನ, ಕಣ್ಣು ಪರೀಕ್ಷೆಗೆ ಓದಿಸುವ ಅಕ್ಷರದ ಬೋರ್ಡನ್ನು ಬದಲಿಸಿದ್ದ. ಅದೇ ಅಳತೆ, ಅದೇ ಕಪ್ಪು ಬಣ್ಣ. ಮೇಲೆ ದಪ್ಪಗೆ 'ನೀನು', ಅದರ ಕೆಳಗೆ ಕೊಂಚ ಸಣ್ಣಗೆ 'ನನ್ನನ್ನು', ಇನ್ನೂ ಸಣ್ಣಗೆ 'ಮದುವೆ', ತೀರಾ ಕೆಳಗೆ 'ಆಗ್ತೀಯಾ'. ಅವಳು ಬರುತ್ತಾಳೆ, ದೀಪ ಹಾಕುತ್ತಾಳೆ, ಓದುತ್ತಾಳೆ. ಇವನು ಪರದೆ ಸರಿಸಿ ಈಚೆ ಬರುತ್ತಾನೆ.

ಅವಳು ಬಂದಳು, ದೀಪ ಹಾಕಿದಳು, ಬೋರ್ಡಿಗೆ ಬೆನ್ನು ಮಾಡಿ ಕೂತಳು. ಹಳೆಯ ಬೋರ್ಡಿನ ಅಕ್ಷರಗಳೆಲ್ಲ ಅವಳಿಗೆ ಬಾಯಿಪಾಠ. ಅವಳು ನೋಡುವುದು ಎದುರು ಕೂತವರ ಕಣ್ಣನ್ನು ಮಾತ್ರ. ಇಬ್ಬರು ಜಾಣರಿಗೂ ಇದು ಹೊಳೆದಿರಲಿಲ್ಲ.

"ಗ್ರಹಚಾರ! ಹೋಗ್ಲಾ?" ಎಂದ ಸೋಫಾದವನು.

"ತಡಿಯೋ, ತಿರುಗ್ತಾಳೆ."

ಅಷ್ಟರಲ್ಲಿ ಗಿರಾಕಿ ಬಂದು ಕುರ್ಚಿ ಹಿಡಿದರು. ನಿವೃತ್ತ ಡ್ರಿಲ್ ಮೇಷ್ಟ್ರು, ಸಿಟ್ಟು ಮೂಗಿನ ತುದಿಯಲ್ಲೇ. ಅವಳು ಆ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, "ಮೇಲಿಂದ ಓದಿ ಸರ್," ಎಂದಳು.

"ನೀನು."

"ಸರ್, ಮೊದಲನೇ ಸಾಲಲ್ಲಿ ಒಂದೇ ಅಕ್ಷರ ಇರೋದು."

"ನಂಗೇ ಹೇಳ್ಕೊಡ್ತೀಯಾ? 'ನೀನು' ಅಂತಿದೆ!"

ಪಾಪ, ಕಣ್ಣು ಪೂರ್ತಿ ಹೋಗಿದೆ ಎಂದುಕೊಂಡು ಅವಳು ದಪ್ಪ ಗಾಜು ಹಾಕಿದಳು. "ಈಗ?"

"ಈಗ ಎಲ್ಲ ಮಂಜು. ಮೊದ್ಲೇ ಚೆನ್ನಾಗಿ ಕಾಣ್ತಿತ್ತು, ತೆಗಿ." ಗಾಜು ತೆಗೆದಳು. ಮೇಷ್ಟ್ರು ಮುಂದಕ್ಕೆ ಬಾಗಿ ಗಟ್ಟಿಯಾಗಿ ಓದಿದರು. "ನೀನು... ನನ್ನನ್ನು... ಮದುವೆ... ಆಗ್ತೀಯಾ." ಓದಿ ಮುಗಿಸಿದ ಮೇಲೆ ಅರ್ಥ ತಲೆಗೆ ಹೋಯಿತು. "ಏನಮ್ಮಾ ಇದು! ಮನೇಲಿ ಹೆಂಡ್ತಿ ಇದಾಳೆ ನಂಗೆ!"

ಇನ್ನು ತಡೆಯಲಾಗಲಿಲ್ಲ. ಸೋಫಾದವನು ಪರದೆಯನ್ನು ಅರ್ಧ ಕಿತ್ತುಕೊಂಡೇ ಹೊರಬಿದ್ದ. "ಅವ್ರ ಕಣ್ಣು ಸರಿಯಾಗೇ ಇದೆ! ಹಿಂದೆ ನೋಡು!"

ಅವಳು ತಿರುಗಿದಳು. ನಿಧಾನವಾಗಿ ಓದಿದಳು. ಅವಳ ಮುಖದಲ್ಲಿ ನಗು ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಎಲ್ಲೋ ಹಿಂದೆ ಸರಿಯಿತು.

"ಬರ್ದಿದ್ದು ಬಣ್ಣದಣ್ಣ. ಓದಿದ್ದು ಮೇಷ್ಟ್ರು. ಇದ್ರಲ್ಲಿ ನೀನು ಮಾಡಿದ್ದೇನು?"

"ಪರದೆ ಹಿಂದೆ ನಿಂತಿದ್ದೆ."

"ಅದನ್ನೇ ತಾನೆ ಮೊದ್ಲಿಂದ ಮಾಡ್ತಿರೋದು?" ಅವಳ ದನಿ ಒಡೆಯಿತು. "ಬರ್ತೀನಿ ಅಂತ ನಿನ್ನೆ ಸಂಜೆನೇ ಹೊಸ ಶಾಖೆಯವ್ರಿಗೆ ಹೇಳ್ಬಿಟ್ಟೆ. ನಾನು ಹೋಗ್ತೀನಿ."

ಬೆಳಗಿನಿಂದ ಇದ್ದ ಅವನ ಚಡಪಡಿಕೆ ಅಲ್ಲಿಗೆ ನಿಂತಿತು. ತಾನು ಕೇಳಲು ಬಂದದ್ದು ಮದುವೆಯನ್ನಲ್ಲ, ಅವಳನ್ನು ಕಟ್ಟಿಹಾಕಲು ಒಂದು ಹಗ್ಗವನ್ನು ಎಂದು ಅವನಿಗೆ ಅರ್ಥವಾಯಿತು, ನಾಚಿಕೆಯಾಯಿತು. ಅವಳಿಲ್ಲದ ಸಂಜೆಗಳು ಕಣ್ಣ ಮುಂದೆ ಬಂದವು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿರಲಿಲ್ಲ.

"ಹೋಗು. ನೀನು ಹೋಗ್ಲೇಬೇಕು," ಎಂದ. ಒಂದು ಹೆಜ್ಜೆ ಮುಂದೆ ಬಂದ. "ಆ ಊರಲ್ಲೂ ಜನ ಕೂತ್ಕೊಳ್ತಾರಲ್ವಾ? ಅವ್ರ ಸೋಫಾನೂ ಹರಿಯುತ್ತಲ್ವಾ? ನಾನೂ ಬರ್ತೀನಿ. ನನ್ನ ಮದುವೆ ಆಗ್ತೀಯಾ?"

ಮೇಷ್ಟ್ರು ಚೌಕಟ್ಟು ತೆಗೆಯುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದರು.

"ಹೂಂ," ಎಂದಳು. ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿಟ್ಟು, ಎರಡೂ ಅಂಗೈಯಿಂದ ಕಣ್ಣೊರೆಸಿಕೊಂಡು, ಮತ್ತೊಮ್ಮೆ ಜೋರಾಗಿ ಹೂಂ ಎಂದಳು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸೋಫಾದವನು ಗೆಳೆಯನನ್ನು ತಬ್ಬಿಕೊಳ್ಳಲು ತಿರುಗಿದ. ಬಣ್ಣದಣ್ಣ ಕಿತ್ತುಹೋದ ಪರದೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನಗುತ್ತಿದ್ದ, ಆದರೆ ಕಣ್ಣು ಒದ್ದೆಯಾಗಿತ್ತು.

"ಇಬ್ರೂ ಹೋಗ್ತೀರಾ?" ಎಂದ. "ಹಾಳಾಗ್ಹೋಗ್ಲಿ, ನಾನಿಲ್ಲಿ ಯಾರ ಜೊತೆ ಟೀ ಕುಡೀಲೋ?"