ಕಾಂಪೌಂಡರ್ ತಟ್ಟೆ ಒರೆಸಿದ್ದು

ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತೇನೆ ಎಂದು ಹೇಳಿ ಕಾಂಪೌಂಡರ್ ಆಸ್ಪತ್ರೆಯಿಂದ ಕಾಲಿಗೆ ಬುದ್ಧಿ ಹೇಳಿದ. ಶುದ್ಧ ಸುಳ್ಳು. ಹೆಂಡತಿ ಆಸ್ಪತ್ರೆ ಸೇರಿದಂದಿನಿಂದ ಆ ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲ. ಆತ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ದಿನ ತಳ್ಳುತ್ತಿದ್ದ. ಆದರೆ ಮನೆಗೆ ಕಳಿಸುವ ಮುನ್ನ ಡಾಕ್ಟರು ಅವಳ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಇನ್ನು ಮೌನ ಸಾಕಮ್ಮ, ಮೆಲ್ಲಗೆ ಏನಾದ್ರೂ ಮಾತಾಡಿ, ಕೇಳೋಣ" ಅಂದಾಗ ಆತನ ಬಾಯಿಗೆ ಬಂದ ಸುಳ್ಳು ಅದೊಂದೇ. ಪಕ್ಕದಲ್ಲಿದ್ದ ಭಾವಮೈದುನನಿಗೆ, "ನೀನೇ ಅಕ್ಕನ್ನ ಕರ್ಕೊಂಡು ಬಾರಪ್ಪ" ಎಂದವನೇ ಹೆಂಡತಿಯ ಮುಖವನ್ನೂ ನೋಡದೆ ಮೆಟ್ಟಿಲಿಳಿದ.

ಹಾಗಂತ ಆತ ಅಳ್ಳೆದೆಯವನೇನಲ್ಲ. ಬೀದಿ ಮೂಲೆಯ ಕ್ಲಿನಿಕ್ಕಿನಲ್ಲಿ ಅರ್ಧ ಆಯಸ್ಸು ಕಳೆದವನು. ಕೀವು ತುಂಬಿದ ಗಾಯ, ಮುರಿದ ಕಾಲು, ಮೈಯೆಲ್ಲ ಸುಟ್ಟುಕೊಂಡು ಬಂದವರು, ಯಾರು ಬಂದರೂ ಮುಖ ಗಂಟಿಕ್ಕದೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೆಲಸ ಶುರು ಮಾಡುತ್ತಿದ್ದ. ಆತನಿಗೆ ಸ್ಪಿರಿಟ್ಟೆಂದರೆ ದೇವರಿಗಿಂತ ಒಂದು ಕೈ ಮೇಲು. ಕನ್ನಡಕಕ್ಕೂ ಅದೇ, ಬಾಚಣಿಗೆಗೂ ಅದೇ, ಬಾಗಿಲ ಚಿಲಕಕ್ಕೂ ಅದೇ. "ನನ್ನನ್ನೂ ಒಂದ್ಸಲ ಅದ್ದಿ ತೆಗೆದುಬಿಡಿ, ಪೀಡೆ ಹೋಗುತ್ತೆ" ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು.

ಆ ಗೇಲಿಯ ಧ್ವನಿಯೇ ಈಗ ಕುತ್ತಿಗೆಗೆ ಬಂದಿತ್ತು. ಆಕೆ ರೈಲು ನಿಲ್ದಾಣದಲ್ಲಿ ಗಾಡಿಗಳ ಸಮಯ ಕೂಗಿ ಹೇಳುವವಳು. ಗಾಡಿ ತಡವಾಗುತ್ತದೆ ಎಂಬ ಕೆಟ್ಟ ಸುದ್ದಿಯನ್ನೂ ಜನ ಬೈಯದೆ ಕೇಳಿಸಿಕೊಳ್ಳುವ ಹಾಗೆ ಹೇಳುತ್ತಿದ್ದಳು, ಅಂಥಾ ಗಂಟಲು. ಅದರೊಳಗೆ ಗಂಟೊಂದು ಬೆಳೆಯಿತು. ಡಾಕ್ಟರು ಕೊಯ್ದು ತೆಗೆದರು. "ಜೀವಕ್ಕೇನೂ ಭಯವಿಲ್ಲ. ಆದ್ರೆ ಮೊದಲಿನ ಧ್ವನಿ ಬರುತ್ತೆ ಅಂತ ಮಾತ್ರ ನಾನು ಮಾತು ಕೊಡಲಾರೆ" ಅಂದರು. ಅಂದಿನಿಂದ ಕಾಂಪೌಂಡರನಿಗೆ ಒಂದೇ ಯೋಚನೆ. ಅವಳು ಬಾಯಿ ತೆರೆದು, ಒಳಗಿನಿಂದ ಇನ್ಯಾರೋ ಮಾತಾಡಿದರೆ? ಆಗ ತನ್ನ ಮುಖ ಹೇಗಾಗುತ್ತದೋ! ಆ ಮುಖವನ್ನು ಅವಳು ನೋಡಿಬಿಟ್ಟರೆ ಗತಿಯೇನು?

ಮನೆಗೆ ಬಂದರೂ ನೆಮ್ಮದಿಯಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಿಟಕಿ ತೆರೆದ, ಧೂಳು ಬರುತ್ತದೆಂದು ಮುಚ್ಚಿದ, ಸೆಕೆಯೆಂದು ಮತ್ತೆ ತೆರೆದ. ಹಾಸಿಗೆಗೆ ಹೊಸ ಹೊದಿಕೆ ಹಾಕಿ, ಸುಕ್ಕು ಕಂಡಿತೆಂದು ಕಿತ್ತು, ಮತ್ತೆ ಹಾಕಿದ. ರಸ್ತೆಯಲ್ಲಿ ಕಾರಿನ ಬಾಗಿಲು ಬಡಿದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಕೈಗೊಂದು ಕೆಲಸ ಬೇಕಾಗಿತ್ತು. ಕಣ್ಣಿಗೆ ಬಿದ್ದದ್ದು ಮೂಲೆಯ ರೆಕಾರ್ಡ್ ಪ್ಲೇಯರ್.

ಅದು ಆಕೆಯದು. ಹಾಡು ಹಾಕುವುದು, ರೆಕಾರ್ಡಿನ ತಟ್ಟೆ ಒರೆಸುವುದು ಎಲ್ಲಾ ಅವಳದೇ ಕಾರುಬಾರು. ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ಆದರೂ ನೋಡಿ ನೋಡಿ ಆತನಿಗೂ ಕ್ರಮ ಗೊತ್ತಿತ್ತು. ಕುದಿಸಿ ಆರಿಸಿದ ನೀರಿಗೆ ಎರಡು ಹನಿ ಸೋಪು ಬೆರೆಸಿದ. ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಮೊದಲ ತಟ್ಟೆಯನ್ನು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು ಮೇಜಿಗಿಳಿಸಿದ. ಗೆರೆ ಸುತ್ತಿದ ಕಡೆಗೇ ಬಟ್ಟೆಯೂ ಸುತ್ತಬೇಕು, ಅಡ್ಡಡ್ಡ ಎಳೆಯುವ ಹಾಗಿಲ್ಲ. ನಡುವಿನ ಕಾಗದಕ್ಕೆ ನೀರು ತಾಗಬಾರದು. ಬಟ್ಟೆಗೆ ಬೂದು ಬಣ್ಣದ ಕೊಳೆ ಹತ್ತಿತು. ಇನ್ನೊಂದು ಒಣ ಬಟ್ಟೆಯಿಂದ ಒತ್ತಿ ಒರೆಸಿ ಗೋಡೆಗೆ ಒರಗಿಸಿದಾಗ ತಟ್ಟೆ ಫಳಫಳ ಹೊಳೆಯುತ್ತಿತ್ತು. ಹುಮ್ಮಸ್ಸು ಬಂತು. ಒಂದಾದ ಮೇಲೊಂದು ತೊಳೆದ. ಆಮೇಲೆ ಪ್ಲೇಯರಿನ ಮುಳ್ಳಿನ ಸರದಿ. ತುದಿಗೆ ಧೂಳಿನ ಉಂಡೆಯೊಂದು ಮೆತ್ತಿಕೊಂಡಿತ್ತು. ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಹಿಂದಿನಿಂದ ಮುಂದಕ್ಕೆ ಮಾತ್ರ, ಮಗುವಿನ ಕಣ್ಣಿಗೆ ಬಿದ್ದ ಕಸ ತೆಗೆಯುವಷ್ಟು ಜೋಪಾನವಾಗಿ ಒರೆಸಿದ. ಹಾಡೊಂದನ್ನು ಹಾಕಿ ನೋಡಿದರೆ ಕರಕರ ಎನ್ನುತ್ತಿದ್ದದ್ದು ಮಾಯ!

ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಇಲ್ಲ. ಕೈ ತಟ್ಟೆಗಳನ್ನಿಡುವ ಗೂಡಿನ ತಳಕ್ಕೆ ಹೋಯಿತು.

ಅಲ್ಲಿ ಅಂಗೈಯಗಲದ ಒಂದು ಪುಟ್ಟ ತಟ್ಟೆ ಇತ್ತು. ಮದುವೆಗೆ ಮುಂಚೆ ಇಬ್ಬರೂ ಕದ್ದುಮುಚ್ಚಿ ಒಂದು ವಸ್ತುಪ್ರದರ್ಶನಕ್ಕೆ ಹೋಗಿದ್ದರು. ಅಲ್ಲೊಂದು ಗೂಡಂಗಡಿಯಷ್ಟು ಪೆಟ್ಟಿಗೆ. ಒಳಗೆ ನಿಂತು ಮಾತಾಡಿದರೆ ಮಾತು ತಟ್ಟೆಯ ಮೇಲೆ ಕೊರೆದುಕೊಂಡು ಹೊರಗೆ ಬೀಳುತ್ತಿತ್ತು. ಆಕೆಗೆ ಆಗಷ್ಟೇ ನಿಲ್ದಾಣದ ಕೆಲಸ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ, ನನ್ನ ಪಕ್ಕದಲ್ಲಿ ನಿಂತಿರುವ ಗಾಡಿಗೆ ಬಾಯಿಲ್ಲ, ಬರೀ ಹೊಗೆ ಇದೆ" ಎಂದು ಘೋಷಿಸಿ, ತಡೆಯಲಾರದೆ ಬಿದ್ದು ಬಿದ್ದು ನಕ್ಕಿದ್ದಳು. ಆ ನಗುವಿನ ಹೊತ್ತಿಗೆ ತಟ್ಟೆ ಮುಗಿದಿತ್ತು. ನಿಲ್ದಾಣದಲ್ಲಿ ಆಕೆ ಆಡಿದ್ದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಮನೆಗೆ ಟೇಪ್ ರೆಕಾರ್ಡರ್ ಬಂದದ್ದೇ ಇಲ್ಲ. ಅವಳ ಧ್ವನಿ ಎಂದು ಈ ಭೂಮಿಯ ಮೇಲೆ ಉಳಿದಿದ್ದರೆ ಇದೊಂದೇ ತಟ್ಟೆಯಲ್ಲಿ. ಅವಳು ಬರುವಷ್ಟರಲ್ಲಿ ಒಂದು ಸಲ ಕೇಳಿಕೊಂಡುಬಿಟ್ಟರೆ ತನಗೆ ಧೈರ್ಯ ಬರುತ್ತದೆ ಎಂದುಕೊಂಡ. ಮುಂದೆ ಏನೇ ಆದರೂ ಇದಂತೂ ಕೈಯಲ್ಲಿರುತ್ತದಲ್ಲ!

ತಟ್ಟೆಯ ಮೇಲೆ ಬೂಷ್ಟು ಹಿಡಿದಂಥ ಬಿಳಿ ಜಿಡ್ಡು. ಸೋಪಿನ ನೀರಿಗೆ ಅದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಹೊರಗೆ ಯಾವುದೋ ಕಾರು ನಿಂತ ಸದ್ದಾಯಿತು. ಆತ ಗಾಬರಿಯಲ್ಲಿ ಕಿಟಕಿಗೆ ಓಡಿ ನೋಡಿದ, ಎದುರುಮನೆಯವರದು. ವಾಪಸು ಬಂದವನ ಕೈ ತಾನಾಗಿ ಕಪಾಟಿಗೆ ಹೋಗಿ ಸ್ಪಿರಿಟ್ ಬಾಟಲಿ ತೆಗೆಯಿತು. ಇನ್ನೆಲ್ಲಿಗೆ ಹೋದೀತು, ಹೇಳಿ! ಹತ್ತಿ ಅದ್ದಿದ. ಗೆರೆಯ ದಾರಿಯಲ್ಲೇ, ಬಲು ನಾಜೂಕಾಗಿ, ಒಂದು ಸುತ್ತು ಒರೆಸಿದ. ಬಿಳಿ ಜಿಡ್ಡು ಹೋಯಿತು. ಖುಷಿಯಿಂದ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಆಮೇಲೆ ಹತ್ತಿ ತಿರುಗಿಸಿ ನೋಡಿದ. ಹತ್ತಿ ಕಪ್ಪಗಾಗಿತ್ತು. ಕೊಳೆಯ ಕಪ್ಪಲ್ಲ, ಬಣ್ಣದ ಕಪ್ಪು. ಬೆರಳಿಟ್ಟರೆ ತಟ್ಟೆ ಅಂಟುತ್ತಿತ್ತು.

ರೇಡಿಯೋ ರಿಪೇರಿ ಅಂಗಡಿಯ ಗೆಳೆಯನಿಗೆ ಫೋನು ಮಾಡಿದ.

"ಸ್ಪಿರಿಟ್ ಹಾಕಿದ್ಯಾ? ಅಯ್ಯೋ ಪುಣ್ಯಾತ್ಮ!" ಗೆಳೆಯ ಆ ಕಡೆಯಿಂದ ಕಿರುಚಿದ. "ಅದು ಅಂಗಡೀಲಿ ಸಿಗೋ ರೆಕಾರ್ಡ್ ಅಲ್ಲ ಕಣೋ. ತಗಡಿನ ಮೇಲೆ ತೆಳ್ಳಗೆ ಮೆರುಗೆಣ್ಣೆ ಬಳಿದು ಅದರಲ್ಲಿ ಗೆರೆ ಕೊರೆದಿರ್ತಾರೆ. ಸ್ಪಿರಿಟ್ ಬಿದ್ರೆ ಕರಗಿ ಹೋಗುತ್ತೆ."

"ಏನಾದ್ರೂ ಮಾಡೋಕಾಗುತ್ತಾ?"

"ಏನೂ ಆಗಲ್ಲಪ್ಪ. ಇನ್ನೊಂದು ಪ್ರತಿ ಇದ್ಯಾ?"

ಕಾಂಪೌಂಡರ್ ಫೋನಿಟ್ಟ. ತಲೆಯ ಮೇಲೆ ಕೈಹೊತ್ತು ನೆಲದ ಮೇಲೇ ಕುಸಿದ. ಅವಳ ಧ್ವನಿಯನ್ನು ತನ್ನ ಕೈಯಾರೆ ಒರೆಸಿ ಹಾಕಿದ್ದ. ಅಳು ಒತ್ತರಿಸಿ ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಬಾಟಲಿಯನ್ನೇ ದುರುಗುಟ್ಟಿ ನೋಡಿದ.

ಅಷ್ಟರಲ್ಲಿ ನಿಜವಾದ ಕಾರು ಬಂತು. ಭಾವಮೈದುನ ಚೀಲ ಹೊತ್ತು ಒಳಗೆ ಬಂದ, ಹಿಂದೆ ಆಕೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು.

"ಭಾವ, ನೀವೇನೋ ಹೊರಟ್ರಿ. ಅಕ್ಕ ಅಲ್ಲಿ ಬಾಯೇ ಬಿಡಲಿಲ್ಲ. ಡಾಕ್ಟರು, ನರ್ಸು, ನಾನು ಎಲ್ಲಾ ಗೋಗರೆದ್ವಿ. ಬರೀ ಬಾಗಿಲ ಕಡೆ ನೋಡ್ತಾ ಕೂತಿದ್ಲು. ಮನೇಲಾದ್ರೂ ಮಾತಾಡಿಸಿ ಅಂದ್ರು ಡಾಕ್ಟರು." ಚೀಲ ಇಳಿಸಿ, ಗಂಡಹೆಂಡಿರ ಮುಖಗಳನ್ನು ಒಮ್ಮೆ ನೋಡಿದ ಆತ, "ನಾನು ಔಷಧಿ ತರ್ತೀನಿ" ಎಂದು ಹೊರಗೆ ಜಾರಿಕೊಂಡ.

ಆಕೆ ಮೂಗು ಅರಳಿಸಿದಳು. ಮನೆಯೆಲ್ಲ ಸ್ಪಿರಿಟ್ಟಿನ ವಾಸನೆ. ಗೋಡೆಗೆ ಒರಗಿ ಹೊಳೆಯುತ್ತಿದ್ದ ತಟ್ಟೆಗಳನ್ನು, ಕಪ್ಪಾದ ಹತ್ತಿಯನ್ನು, ಮೇಜಿನ ಮೇಲಿನ ಪುಟ್ಟ ತಟ್ಟೆಯನ್ನು ನೋಡಿದಳು. ಅದನ್ನೆತ್ತಿ ಬೆಳಕಿಗೆ ಹಿಡಿದಳು.

"ನಾನೇ ಹಾಳು ಮಾಡ್ದೆ ಕಣೇ," ಎಂದ ಕಾಂಪೌಂಡರ್. "ಜಿಡ್ಡು ಹೋಗ್ಲಿ ಅಂತ ಒರೆಸಿದೆ. ಎಲ್ಲಾ ಕರಗಿ ಹೋಯ್ತು. ನಿನ್ನ ಧ್ವನಿ ಇದ್ದದ್ದು ಇದೊಂದೇ... ನನ್ನ ಕೈ ಸೇದಿಹೋಗ!"

ಆಕೆ ತಟ್ಟೆಯನ್ನು ಪ್ಲೇಯರಿಗೆ ಹಾಕಿ ಮುಳ್ಳಿಳಿಸಿದಳು. ಬುಸ್ ಬುಸ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಎಲ್ಲಾದರೂ ಒಂದು ಅಕ್ಷರ, ನಗುವಿನ ಒಂದು ಚೂರು ಬಂದೀತೆಂದು ಆತ ಕಿವಿಯೊಡ್ಡಿ ನಿಂತ. ಬರಲಿಲ್ಲ. ಮುಳ್ಳು ಅಂಟಿನಲ್ಲಿ ಸಿಕ್ಕಿ ನಿಂತುಬಿಟ್ಟಿತು. ಆಕೆ ಅದನ್ನು ಎತ್ತಿಟ್ಟು ಗಂಡನ ಕಡೆ ತಿರುಗಿದಳು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಈಗ ಮಾತಾಡುತ್ತಾಳೆಂದು ಆತನಿಗೆ ಗೊತ್ತಾಯಿತು. ಓಡೋಣವೆಂದರೆ ಈಗ ಮನೆಯಲ್ಲೇ ಇದ್ದಾನೆ!

"ಹೋದ್ರೆ ಹೋಗ್ಲಿ ಬಿಡಿ," ಎಂದಳು ಆಕೆ.

ಒಡಕು ಧ್ವನಿ. ಒರಟು, ದಪ್ಪ, ನೆಲದ ಮೇಲೆ ಮರದ ಪೆಟ್ಟಿಗೆ ಎಳೆದ ಹಾಗೆ. ನಡುವೆ ಬರೀ ಗಾಳಿ ಬಂದು ಮಾತು ತುಂಡಾಗುತ್ತಿತ್ತು. ಹಳೆಯದರ ಒಂದು ಎಳೆಯೂ ಅದರಲ್ಲಿರಲಿಲ್ಲ. ಕಾಂಪೌಂಡರನ ಮುಖ ಏನಾಯಿತೋ ಆತನಿಗೇ ತಿಳಿಯಲಿಲ್ಲ. ಆಕೆ ಮಾತ್ರ ರೆಪ್ಪೆ ಮಿಟುಕಿಸದೆ ಅದನ್ನು ನೋಡುತ್ತಿದ್ದಳು.

"ತಟ್ಟೆ ಮಾತು ಆಮೇಲೆ. ನೀವ್ಯಾಕೆ ಓಡಿ ಬಂದ್ರಿ? ಮೊದಲ ಮಾತು ನಿಮ್ಮ ಹತ್ರ ಆಡೋಣ ಅಂತ ಇಷ್ಟು ದಿನ ಕಾದಿದ್ದೆ. ತಿರುಗಿ ನೋಡಿದ್ರೆ ನೀವೇ ಇಲ್ಲ."

ಗ್ಯಾಸಿನ ಸುಳ್ಳು ಇನ್ನೊಮ್ಮೆ ನಾಲಿಗೆಯ ತುದಿಗೆ ಬಂತು. ಆತ ಅದನ್ನು ನುಂಗಿಕೊಂಡ.

"ಹೆದರಿಕೆ ಆಯ್ತು ಕಣೇ. ನಿನ್ನ ಧ್ವನಿ ಕೇಳೋಕೆ."

"ನಂಗೆ ಆಗಲಿಲ್ವಾ?" ಎಂದಳು ಆಕೆ. ಅವಳ ಕಣ್ಣು ತುಂಬಿತು. "ಈಗ ಕೇಳಿದ್ರಲ್ಲ. ಇನ್ನೂ ಹೆದರಿಕೆ ಆಗ್ತಿದ್ಯಾ?"

"ಆಗ್ತಿದೆ," ಎಂದ ಆತ. ಕುರ್ಚಿ ಎಳೆದು ಅವಳೆದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. "ಆಗ್ಲಿ ಬಿಡು. ನೀನು ಮಾತಾಡು."