ಲಾಯ್ಡ್ ಎದ್ದು ನಿಂತದ್ದು

ಮರ್ವ್ ಪೆಂಗಿಲಿಗೆ ಮೂರು ದಿನದಿಂದ ಒಂದೇ ಚಿಂತೆ. ಪಕ್ಕದ ಮನೆಯ ಅಣ್ಣ ತಂಗಿ ಶುಕ್ರವಾರ ಬಾಯಿಬಿಟ್ಟು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೋ ಇಲ್ಲವೋ ಎನ್ನುವುದು.

ದಕ್ಷಿಣ ಆಸ್ಟ್ರೇಲಿಯಾದ ವಾಲರೂ ಊರಿನ ಸಮುದಾಯ ಕೇಂದ್ರದಲ್ಲಿ ಮರ್ವ್‌ನದು ಸಂಬಳವಿಲ್ಲದ ಕೆಲಸ. ಮಂಗಳವಾರ, ಗುರುವಾರ ಒಂದು ಮೇಜಿನ ಹಿಂದೆ ಕೂತು, ಬಡವರು, ಮುದುಕರು ಹೊತ್ತು ತರುವ ಸರ್ಕಾರಿ ಫಾರಂಗಳನ್ನು ತುಂಬಿಕೊಡಬೇಕು. ಅವನಿಗೇ ಎಪ್ಪತ್ತೆರಡು. ಆರು ವರ್ಷ ಫಾರಂ ತುಂಬಿ ಅವನು ಕಲಿತದ್ದು ಇಷ್ಟೇ: ಅಳುವ ಮಗುವಿಗೇ ಹಾಲು. ಆದರೆ ಈ ಊರಿನ ಹಳಬರಿಗೆ ಅಳುವುದಕ್ಕೇ ಬರುವುದಿಲ್ಲ. ಕಾಲು ಮುರಿದುಕೊಂಡು ಮಲಗಿದವನನ್ನು ಹೇಗಿದ್ದೀಯ ಎಂದು ಕೇಳಿ ನೋಡಿ, ‘ಪರವಾಗಿಲ್ಲ, ಇನ್ನೊಂದು ನೆಟ್ಟಗಿದೆ’ ಅನ್ನುತ್ತಾನೆ. ಅದು ದೊಡ್ಡಸ್ತಿಕೆಯೋ ದಡ್ಡತನವೋ, ಫಾರಂನಲ್ಲಂತೂ ಅದಕ್ಕೆ ಜಾಗವಿಲ್ಲ.

ಲಾಯ್ಡ್ ಟ್ರೆಜೈಸ್ ಈ ಜಾತಿಯವರಿಗೆಲ್ಲ ಹಿರಿಯ. ಎಂಬತ್ತಾರು ವರ್ಷ, ಮದುವೆಯಾಗಿಲ್ಲ. ಹುಡುಗನಾಗಿದ್ದಾಗ ಹಡಗುಕಟ್ಟೆಯಲ್ಲಿ ಗೋಧಿ ಮೂಟೆ ಹೊತ್ತವನು, ಆಮೇಲೆ ಗೊಬ್ಬರದ ಕಾರ್ಖಾನೆಯಲ್ಲಿ ಸವೆದವನು. ತಂಗಿ ಥೋರಾ ತನ್ನ ಗಂಡ ತೀರಿಕೊಂಡ ಮೇಲೆ ಅವನ ಬಾಡಿಗೆ ಮನೆಗೆ ಬಂದಳು. ಬಂದು ಮೂವತ್ತು ವರ್ಷವಾಯಿತು. ಇಬ್ಬರಿಗೂ ಪಿಂಚಣಿ ಬಿಟ್ಟರೆ ಬೇರೆ ಗತಿಯಿಲ್ಲ. ಹೋದ ಚಳಿಗಾಲ ಲಾಯ್ಡ್‌ಗೆ ಪಾರ್ಶ್ವವಾಯು ಬಡಿದು ಎಡಗಾಲು, ಎಡಗೈ ಅರ್ಧಕ್ಕರ್ಧ ಸತ್ತವು. ಅಂದಿನಿಂದ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಅವನನ್ನು ಎತ್ತುವವಳು ಎಂಬತ್ತೊಂದರ ಥೋರಾ. ಅವನು ತೊಂಬತ್ತು ಕಿಲೋ, ಅವಳು ಐವತ್ತೂ ಇಲ್ಲ.

ಎತ್ತಿ ಎತ್ತಿ ಅವಳ ಬಲಭುಜದ ನರ ಹರಿದಿತ್ತು. ಇನ್ನು ಭಾರ ಎತ್ತಿದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಮರ್ವ್. ವಾಪಸ್ ಬರುವಾಗ ಕಾರಿನಲ್ಲೇ ಅವಳು ಅವನಿಂದ ಮಾತು ತೆಗೆದುಕೊಂಡಿದ್ದಳು.

“ಲಾಯ್ಡ್‌ಗೆ ಹೇಳಕೂಡದು. ಗೊತ್ತಾದ್ರೆ ಅವನು ಸ್ನಾನಾನೇ ಬೇಡ ಅಂತಾನೆ, ಊಟಾನೂ ಬೇಡ ಅಂತಾನೆ. ಅವನ ಹಟ ನಿನಗೆ ಗೊತ್ತಲ್ಲ.”

ಮನೆಗೇ ಆಳು ಕಳಿಸುವ ಸರ್ಕಾರಿ ನೆರವಿಗೆ ಮರ್ವ್‌ನೇ ಅರ್ಜಿ ಹಾಕಿಸಿದ. ಹನ್ನೊಂದು ತಿಂಗಳು ಕಾದ ಮೇಲೆ ತಪಾಸಣೆಯ ದಿನ ಗೊತ್ತಾಯಿತು. ಅಡಿಲೇಡ್‌ನಿಂದ ಒಬ್ಬಳು ಬಂದು, ಪ್ರಶ್ನೆ ಕೇಳಿ, ಕಣ್ಣಾರೆ ನೋಡಿ ಬರೆದುಕೊಂಡು ಹೋಗುತ್ತಾಳೆ. ಮೇಲಿನ ದರ್ಜೆ ಸಿಕ್ಕರೆ ದಿನಾ ಬೆಳಿಗ್ಗೆ ಒಬ್ಬ ಆಳು ಬಂದು ಲಾಯ್ಡ್‌ನನ್ನು ಎತ್ತಿ, ಮೀಯಿಸಿ, ಬಟ್ಟೆ ತೊಡಿಸಿ ಕೂರಿಸಿ ಹೋಗುತ್ತಾನೆ. ಸಿಗದಿದ್ದರೆ ಥೋರಾಳ ಭುಜ ಎಷ್ಟು ದಿನ ಬರುತ್ತದೋ ಅಷ್ಟು ದಿನ. ಆಮೇಲೆ ವೃದ್ಧಾಶ್ರಮವೇ. ಊರಿನ ಆಶ್ರಮದಲ್ಲಿ ಜಾಗವಿಲ್ಲ. ಇರುವುದು ಅಡಿಲೇಡ್‌ನ ಆಚೆ ತುದಿಯಲ್ಲಿ, ಎರಡು ಗಂಟೆಗೂ ಮೀರಿದ ದಾರಿ. ಥೋರಾಗೆ ಕಾರು ಓಡಿಸಲು ಬರುವುದಿಲ್ಲ. ಅಲ್ಲಿಗೆ ಹೋದರೆ ಅಣ್ಣ ತಂಗಿಯ ಸಂಸಾರ ಮುಗಿದ ಹಾಗೆ.

ಬುಧವಾರ ಮರ್ವ್ ಇಬ್ಬರನ್ನೂ ಕೂರಿಸಿಕೊಂಡು ಪಾಠ ಹೇಳಿದ.

“ನೋಡಿ, ಒಳ್ಳೆ ದಿನದ ವಿಷ್ಯ ಅವಳಿಗೆ ಬೇಕಾಗಿಲ್ಲ. ಎಲ್ಲಕ್ಕಿಂತ ಕೆಟ್ಟ ದಿನ ಯಾವುದಿತ್ತೋ, ಅದನ್ನ ಹೇಳಿ. ಬಚ್ಚಲಲ್ಲಿ ಬಿದ್ದಿದ್ದು, ನಾನು ಬೇಲಿ ಹಾರಿ ಬಂದಿದ್ದು, ಎಲ್ಲಾನೂ.”

“ಬೇಲಿ ಹಾರಿದೆ ಅಂತ ಜಂಬ ಬೇರೆ,” ಎಂದ ಲಾಯ್ಡ್. “ಬೇಲಿ ಮುರಿದು ಬಂದೆ ಕಣೋ ನೀನು. ಇನ್ನೂ ರಿಪೇರಿ ಮಾಡ್ಸಿಲ್ಲ.”

“ಮನೆಗೆ ಬಂದೋರ ಮುಂದೆ ಬಚ್ಚಲ ಕಥೆ ಯಾರಾದ್ರೂ ಹೇಳ್ತಾರಾ?” ಎಂದಳು ಥೋರಾ.

“ನೆಂಟರಲ್ಲ ಥೋರಾ ಅವಳು, ಅಳತೆ ತಗೊಳ್ಳೋಕೆ ಬರೋಳು. ಮತ್ತೆ ದಯವಿಟ್ಟು ಮನೆ ಗುಡಿಸಿ ಒರೆಸಬೇಡ. ಹೇಗಿದೆಯೋ ಹಾಗೇ ಇರ್ಲಿ.”

ಥೋರಾ ಎದ್ದು ಹೋಗಿ ಕಿಟಕಿಯ ಪರದೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಮರ್ವ್‌ಗೆ ಅಲ್ಲೇ ಅರ್ಥವಾಗಬೇಕಿತ್ತು.

ಶುಕ್ರವಾರ ಹತ್ತು ಗಂಟೆಗೆ ಅವನು ಒಳಗೆ ಕಾಲಿಟ್ಟಾಗ ನೆಲದಲ್ಲಿ ಮುಖ ಕಾಣುತ್ತಿತ್ತು. ಕಿಟಕಿಗೆ ಒಗೆದ ಪರದೆ, ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ, ಒಲೆಯಿಂದ ಆಗತಾನೇ ಇಳಿದ ಪಾಸ್ಟಿಗಳ ಘಮ. ಆಲೂಗೆಡ್ಡೆ, ಟರ್ನಿಪ್, ಮಾಂಸ ಹೆಚ್ಚಿ, ಹಿಟ್ಟು ನಾದಿ, ಅಂಚು ಮಡಿಸಿ ಎಂಟು ಪಾಸ್ಟಿ ಮಾಡುವುದೆಂದರೆ ಎರಡು ನೆಟ್ಟಗಿನ ಕೈಗಳ ಕೆಲಸ. ಲಾಯ್ಡ್ ನುಣ್ಣಗೆ ಶೇವ್ ಮಾಡಿಸಿಕೊಂಡು, ಟೈ ಕಟ್ಟಿಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಥೋರಾಳ ಮುಖ ಸುಣ್ಣದಂತೆ ಬಿಳಚಿಕೊಂಡಿತ್ತು.

“ಇದೇನು ಮಾಡಿದ್ರಿ?” ಎಂದ ಮರ್ವ್.

“ಸುಮ್ನಿರು, ಕಾರು ಬಂತು,” ಎಂದಳು ಅವಳು.

ಬಂದವಳು ಡನಿಕಾ. ಮೂವತ್ತರ ಆಸುಪಾಸು, ಕೈಯಲ್ಲೊಂದು ಟ್ಯಾಬ್ಲೆಟ್. ಕೆಟ್ಟವಳೇನಲ್ಲ, ಹೊಸ್ತಿಲಲ್ಲೇ ಶೂ ಒರೆಸಿಕೊಂಡು ನಗುತ್ತ ಒಳಗೆ ಬಂದಳು. ಅವಳು ಒಳಗೆ ಬಂದದ್ದೇ ತಡ, ಲಾಯ್ಡ್ ಬಲಗೈಯನ್ನು ಕುರ್ಚಿಯ ತೋಳಿಗೆ ಊರಿದ.

ಹೆಂಗಸು ಕೋಣೆಗೆ ಬಂದರೆ ಗಂಡಸು ಕೂತಿರಬಾರದು. ಲಾಯ್ಡ್‌ಗೆ ಅವನ ತಾಯಿ ಸೌಟಿನಲ್ಲಿ ಹೊಡೆದು ಕಲಿಸಿದ ಪಾಠವದು. ಪಾರ್ಶ್ವವಾಯು ಬಡಿದ ಮೇಲೆ ಅವನು ತಾನಾಗಿ ಒಂದು ದಿನವೂ ಎದ್ದಿರಲಿಲ್ಲ. ಈಗ ಕತ್ತಿನ ನರ ಹಗ್ಗದಂತೆ ಉಬ್ಬಿ, ಮುಖ ಕೆಂಪಾಗಿ, ಅಂಗುಲ ಅಂಗುಲವಾಗಿ ಮೇಲೇಳತೊಡಗಿದ. ಹಿಡಿಯಲು ಮರ್ವ್ ಕೈ ಚಾಚಿದ. ಲಾಯ್ಡ್ ನೋಡಿದ ಒಂದು ನೋಟಕ್ಕೆ ಆ ಕೈ ಅಲ್ಲೇ ನಿಂತಿತು. ಕೊನೆಗೆ ಟೈ ಕಟ್ಟಿದ ಆರಡಿ ಆಳು ನೆಟ್ಟಗೆ ನಿಂತುಬಿಟ್ಟ.

“ಬನ್ನಿ, ಕೂತ್ಕೊಳ್ಳಿ,” ಎಂದ. ಅವಳು ಕೂತ ಮೇಲೇ ತಾನು ಕೂತ.

ಡನಿಕಾಳ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಒಮ್ಮೆ ಒತ್ತಿತು. ಅವಳು ಗುರುತು ಹಾಕಿದ್ದನ್ನು ಕಂಡು ಮರ್ವ್ ಮುಂದೆ ಬಂದ.

“ಅವನು ಯಾವತ್ತೂ ಹೀಗೆ ಏಳಲ್ಲ,” ಎಂದ. “ನೀವು ಬಂದ್ರಿ ಅಂತ...”

“ಅವರೇ ಹೇಳ್ಲಿ, ಮಿಸ್ಟರ್ ಪೆಂಗಿಲಿ. ನಿಯಮ ಹಾಗಿದೆ.” ಅವಳು ಲಾಯ್ಡ್‌ನ ಕಡೆ ತಿರುಗಿದಳು. “ದಿನಾ ಎದ್ದೇಳೋಕೆ ಕಷ್ಟ ಆಗುತ್ತಾ?”

“ವಯಸ್ಸಾಯ್ತಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತೆ. ಅವಸರ ಏನಿದೆ, ರೈಲು ಹಿಡೀಬೇಕಾ?”

“ಸ್ನಾನ?”

“ನಾವಿಬ್ರೂ ಸೇರಿ ಹೇಗೋ ಮಾಡ್ಕೋತೀವಿ ಕಣಮ್ಮ,” ಎಂದಳು ಥೋರಾ.

“ನಿಮಗೆ ಆರೋಗ್ಯ ಹೇಗಿದೆ?”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದಾರೆ, ಅವರಿಗೆ ಮೊದಲು ಕೊಡಿ.”

ಹೀಗೆಂದು ಥೋರಾ ಎಡಗೈಯಲ್ಲಿ ಟೀ ಬಗ್ಗಿಸಿದಳು. ಎಡಗೈಯ ಅಭ್ಯಾಸವಿರಬೇಕೆಂದುಕೊಂಡ ಡನಿಕಾ ತನ್ನ ಅಮ್ಮನೂ ಹಾಗೇ ಎಂದು ನಕ್ಕಳು. ಭುಜದ ಮಾತು ಮರ್ವ್‌ನ ನಾಲಿಗೆಯ ತುದಿಗೆ ಬಂತು. ಥೋರಾ ಅವನತ್ತ ನೋಡಿದಳು. ಕೊಟ್ಟ ಮಾತು ನೆನೆದು ಅವನು ಪಾಸ್ಟಿಯ ತಟ್ಟೆಯನ್ನು ಡನಿಕಾಳತ್ತ ಸರಿಸಿದ.

ಒಂದು ಗಂಟೆ ಹೀಗೇ ನಡೆಯಿತು. ಕೇಳಿದ ಪ್ರಶ್ನೆಗೆಲ್ಲ ಇಬ್ಬರೂ ಮರ್ಯಾದೆಯಿಂದ, ನಗುನಗುತ್ತ ತಮ್ಮ ಗೋರಿ ತಾವೇ ತೋಡಿಕೊಂಡರು. ಮರ್ವ್‌ಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕು ಅನ್ನಿಸುತ್ತಿತ್ತು, ಜೊತೆಗೆ ಎದ್ದು ಹೋಗಿ ಎಲ್ಲಾದರೂ ಅತ್ತುಬಿಡಬೇಕು ಅನ್ನಿಸುತ್ತಿತ್ತು.

ಡನಿಕಾ ಹೊರಟಾಗ ಅವನು ಕಾರಿನವರೆಗೂ ಓಡಿಹೋಗಿ ಎಲ್ಲ ಹೇಳಿದ, ಭುಜದ ವಿಷಯವನ್ನೂ ಹೇಳಿದ. ಅವಳ ಕೈಯಲ್ಲಿ ಥೋರಾ ಕಾಗದದಲ್ಲಿ ಸುತ್ತಿಕೊಟ್ಟ ಬಿಸಿ ಪಾಸ್ಟಿಯಿತ್ತು.

“ನಿಮ್ಮ ಮಾತು ನಂಬ್ತೀನಿ,” ಎಂದಳು. “ಆದ್ರೆ ನಾನು ಬರೀಬೇಕಾಗಿರೋದು ನಾನು ಕಂಡಿದ್ದು, ಅವರು ಹೇಳಿದ್ದು. ಅವರು ನಿಂತಿದ್ದು ನಾನೇ ನೋಡಿದೀನಿ. ದರ್ಜೆ ಎಷ್ಟು ಅಂತ ಲೆಕ್ಕ ಹಾಕೋದು ಕಂಪ್ಯೂಟರು, ನಾನಲ್ಲ. ಸರಿ ಬರದಿದ್ರೆ ಇಪ್ಪತ್ತೆಂಟು ದಿನದೊಳಗೆ ಮರುಪರಿಶೀಲನೆ ಕೇಳಿ. ಅವರೇ ಸಹಿ ಹಾಕಬೇಕು, ಇಬ್ಬರೂ.”

ಅವಳ ಕಾರು ತಿರುವು ದಾಟುವಷ್ಟರಲ್ಲಿ ಲಾಯ್ಡ್ ಕುರ್ಚಿಯಲ್ಲಿ ಕುಸಿದಿದ್ದ. ಮುಂದಿನ ಎರಡು ದಿನ ಅವನನ್ನು ಹಾಸಿಗೆಯಿಂದ ಎಬ್ಬಿಸಲಾಗಲಿಲ್ಲ.

ಐದು ವಾರದ ಮೇಲೆ ಕಾಗದ ಬಂತು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಮನೆ ಶುಚಿಮಾಡುವ ಆಳು, ಬಚ್ಚಲ ಗೋಡೆಗೆ ಒಂದು ಹಿಡಿಕಂಬಿ. ಆ ಮನೆಗೆ ಶುಚಿಮಾಡುವ ಆಳಂತೆ! ಮರ್ವ್ ಓದಿ ಕಾಗದವನ್ನು ಮೇಜಿಗೆ ಬಡಿದ. ಲಾಯ್ಡ್ ಮಾತ್ರ ಒಂದು ಸಾಲನ್ನು ಎರಡು ಸಲ ಓದಿಸಿದ. ‘ಶ್ರೀ ಟ್ರೆಜೈಸ್ ಸ್ವತಂತ್ರವಾಗಿ ಎದ್ದು ನಿಲ್ಲಬಲ್ಲರು.’ ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು. ಅದನ್ನು ಕಂಡು ಮರ್ವ್ ಆ ಸಾಲನ್ನು ಮೂರನೆಯ ಸಲವೂ ಓದಿದ.

ಮರುಪರಿಶೀಲನೆಯ ಫಾರಂ ಒಂದೇ ಹಾಳೆ. ಮೇಲರ್ಧದಲ್ಲಿ ‘ನಾನು ಇನ್ನೊಬ್ಬರ ಸಹಾಯವಿಲ್ಲದೆ ನಿಲ್ಲಲಾರೆ’ ಎಂದು ಲಾಯ್ಡ್ ಒಪ್ಪಿ ಸಹಿ ಹಾಕಬೇಕು. ಕೆಳಗರ್ಧ ನೋಡಿಕೊಳ್ಳುವವರದು. ಮೂರು ವಾರ ಮರ್ವ್ ಅದನ್ನು ಹಿಡಿದು ಬರುತ್ತಿದ್ದ, ಲಾಯ್ಡ್ ಓಡಿಸುತ್ತಿದ್ದ.

“ನಿಂತಿದ್ದು ಸುಳ್ಳೇನೋ? ಕಂಡೋರಿದಾರೆ. ಸುಳ್ಳು ಬರೆದು ಅನ್ನ ತಿನ್ನೋನಲ್ಲ ನಾನು.”

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಮರ್ವ್ ಕೊನೆಯ ಸಲ ಹೋದ. ಮಧ್ಯಾಹ್ನದೊಳಗೆ ಕೇಂದ್ರದ ಕಂಪ್ಯೂಟರಿನಿಂದ ಫಾರಂ ಕಳಿಸದಿದ್ದರೆ ಹೊಸ ಅರ್ಜಿ ಹಾಕಬೇಕು, ಮತ್ತೆ ಹನ್ನೊಂದು ತಿಂಗಳು. ಥೋರಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದ ಲಾಯ್ಡ್ ಈ ಸಲ ಓಡಿಸಲಿಲ್ಲ.

“ಅವಳ ಭುಜ ಯಾವತ್ತಿಂದ ಹೋಗಿದೆ?” ಎಂದು ಕೇಳಿದ.

ಮರ್ವ್ ಫಾರಂನ ಮಡಿಸಿದ ಮೂಲೆಯನ್ನು ನೇರ ಮಾಡಿದ.

“ನೀನು ಹೇಳಲ್ಲ ಬಿಡು, ಮಾತು ತಗೊಂಡಿರ್ತಾಳೆ. ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಅವಳ ಭುಜ ನನ್ನ ಕಿವಿ ಪಕ್ಕದಲ್ಲೇ ಇರುತ್ತೆ. ಕಟಕಟ ಅನ್ನೋದು ನನಗೆ ಕೇಳ್ಸಲ್ವಾ? ನನಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ. ಎತ್ತುವಾಗ ಆಮೇಲೆ ನನ್ನ ಮುಖ ನೋಡೋಕೆ ಆಗಲ್ಲ ಅವಳಿಗೆ. ಎಲ್ಲಿ, ಪೆನ್ನು ಕೊಡು.”

ಲಾಯ್ಡ್ ಸಹಿ ಹಾಕಿದ. ಹೆಸರು ಬರೆಯುವುದಕ್ಕೆ ಅವನಿಗೆ ಡನಿಕಾ ಬಂದ ದಿನ ಎದ್ದು ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬರೆದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಮರ್ವ್‌ಗೆ ಸಂತೋಷವಾಗಬೇಕಿತ್ತು, ಯಾರದೋ ಜೇಬು ಕತ್ತರಿಸಿದವನಂತೆ ಅನ್ನಿಸಿತು.

ಥೋರಾ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಳು. ಮರ್ವ್ ಫಾರಂ ಅವಳ ಮುಂದಿಟ್ಟ. ಅವಳು ಮೊದಲು ಅಣ್ಣನ ಸಹಿಯನ್ನು ನೋಡಿದಳು, ಆಮೇಲೆ ಅಣ್ಣನ ಬೆನ್ನನ್ನು ನೋಡಿದಳು. ಕೆಳಗರ್ಧವನ್ನು ತುಟಿ ಅಲುಗಿಸುತ್ತ ಓದಿದಳು. ‘ಇವರನ್ನು ನೋಡಿಕೊಳ್ಳಲು ನನ್ನಿಂದ ಇನ್ನು ಸಾಧ್ಯವಿಲ್ಲ.’

“ಇದಕ್ಕೆ ನಾನು ಸಹಿ ಹಾಕಲ್ಲ,” ಎಂದಳು.

“ಥೋರಾ, ಅವನೇ ಹಾಕಿದಾನೆ.”

“ನೋಡ್ಕೊಳ್ಳೋಕಾಗಲ್ಲ ಅಂತ ನಾನೇ ಬರೆದುಕೊಟ್ರೆ ಅವರು ಆಳು ಕಳಿಸ್ತಾರೋ, ವ್ಯಾನ್ ಕಳಿಸ್ತಾರೋ? ಆಚೆ ಬೀದಿ ಪರ್ಸಿಗೆ ಏನಾಯ್ತು? ಅವನ ಹೆಂಡತಿ ಇಂಥದ್ದೇ ಒಂದಕ್ಕೆ ಸಹಿ ಹಾಕಿದ್ಲು, ತಿಂಗಳೊಪ್ಪತ್ತಿನಲ್ಲಿ ಅವನು ಅಡಿಲೇಡ್‌ನಲ್ಲಿದ್ದ. ಹಾಗಾಗಲ್ಲ ಅಂತ ಆಣೆ ಮಾಡ್ತೀಯಾ ಮರ್ವ್?”

ಮರ್ವ್ ಬಾಯಿ ತೆರೆದ. ಹತ್ತರಲ್ಲಿ ಎಂಟು ಸಲ ಹಾಗಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಉಳಿದ ಎರಡು ಫಾರಂಗಳನ್ನು ತುಂಬಿಕೊಟ್ಟವನೂ ಅವನೇ.

“ಆಣೆ ಮಾಡೋಕಾಗಲ್ಲ,” ಎಂದ.

“ಮತ್ತೆ?”

ಲಾಯ್ಡ್ ಗೋಡೆಯಿಂದ ಮುಖ ತಿರುಗಿಸಿ ಮರ್ವ್‌ನನ್ನು ನೋಡಿದ. ಥೋರಾಳೂ ಅವನನ್ನೇ ನೋಡುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಒಂದೇ ಭುಜದ ಗುಟ್ಟು, ಇಬ್ಬರಿಗೂ ಗೊತ್ತು, ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದಾರೆ. ಅದನ್ನು ಬಾಯಿಬಿಟ್ಟು ಆಡಿದರೆ ಇವಳು ಸಹಿ ಹಾಕಿದರೂ ಹಾಕಿಯಾಳು. ಆದರೆ ನಾಳೆ ಬೆಳಿಗ್ಗೆಯಿಂದ ಆಳು ಬರುವ ತನಕ, ಬಂದರೆ, ಅವನನ್ನು ಎತ್ತುವವಳು ಇವಳೇ. ಗುಟ್ಟು ಹೊರಬಿದ್ದ ಮೇಲೆ ಅವನು ಇವಳ ಕೈ ಸೋಕಲೂ ಬಿಡುವುದಿಲ್ಲ. ಆರು ವರ್ಷ ಊರವರ ಕಷ್ಟಗಳಿಗೆಲ್ಲ ಸರಿಯಾದ ಚೌಕ ಹುಡುಕಿ ಗುರುತು ಹಾಕಿದ ಮರ್ವ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟ.

“ಹೋಗಿ ಬಾ ಮರ್ವ್,” ಎಂದಳು ಥೋರಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಅವನ ಸ್ನಾನದ ಹೊತ್ತಾಯ್ತು.”

“ನಾನೊಂದು ಕೈ ಹಿಡೀತೀನಿ.”

“ಬೇಡ ಕಣೋ,” ಎಂದ ಲಾಯ್ಡ್. “ಬಟ್ಟೆ ಬಿಚ್ಚುವಾಗ ನೀನ್ಯಾಕೆ ಇಲ್ಲಿ.”

ಒಂದೇ ಸಹಿಯ ಫಾರಂ ಹಿಡಿದು ಮರ್ವ್ ಹೊರಗೆ ಬಂದ. ಬಾಗಿಲು ಮುಚ್ಚಿತು. ಮೆಟ್ಟಿಲಿಳಿಯದೆ ಕಂಬ ಹಿಡಿದು ಅಲ್ಲೇ ನಿಂತ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಥೋರಾ ಒಂದು, ಎರಡು, ಮೂರು ಎಂದು ಎಣಿಸಿದಳು. ಏದುಸಿರು ಕೇಳಿತು, ಆಮೇಲೆ ಲಾಯ್ಡ್‌ನ ದನಿ.

“ಇವತ್ತು ಸ್ವಲ್ಪ ಹಗುರ ಆಗಿದೀನಿ, ಅಲ್ವಾ?”

“ಹೂಂ,” ಎಂದಳು ಥೋರಾ, ಉಸಿರು ಬಿಗಿಹಿಡಿದು. “ಹತ್ತಿ ಹಾಗಿದೀಯ.”