ಕೊನೆಯ ಹನ್ನೊಂದು ಪುಟ

ಪುಸ್ತಕಕ್ಕೆ ಅಂಟಿದ ಕೊಳೆ ಸುಳ್ಳು ಹೇಳುವುದಿಲ್ಲ. ಇಪ್ಪತ್ತಾರು ವರ್ಷದಿಂದ ಈ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಬಿಚ್ಚಿ, ಒರೆಸಿ, ಅಂಟು ಹಚ್ಚಿ, ಮತ್ತೆ ಹೊಲಿದು ಕೊಡುವವಳು ನಾನು. ಪುಟದ ಮೂಲೆ ಎಷ್ಟು ಕಪ್ಪಾಗಿದೆ ಎಂದು ನೋಡಿದರೆ ಸಾಕು, ಜನ ಎಲ್ಲಿ ಓದಿದರು, ಎಲ್ಲಿ ಹಾರಿಸಿದರು ಎಂದು ಹೇಳಬಲ್ಲೆ. ದೊಡ್ಡವರು ಹೊಗಳಿ ಅಟ್ಟಕ್ಕೇರಿಸಿದ ಎಷ್ಟೋ ಗ್ರಂಥಗಳು ಇಪ್ಪತ್ತನೇ ಪುಟ ದಾಟಿದ ಮೇಲೆ ಹಾಲಿನಂತೆ ಬೆಳ್ಳಗಿರುತ್ತವೆ. ನಾನು ಬಾಯಿ ಬಿಡುವುದಿಲ್ಲ. ಅವರ ಮರ್ಯಾದೆ ಕಳೆದು ನನಗೇನಾಗಬೇಕು?

ನನ್ನ ಮೇಜಿಗೆ ಅತಿ ಹೆಚ್ಚು ಸಲ ಬಂದದ್ದು ಬೂದುಕೋಟು ಎಂಬ ದರೋಡೆಕೋರನ ಕಾದಂಬರಿ. ಒಂಬತ್ತು ಸಲ ಹೊಲಿದಿದ್ದೇನೆ. ಬೂದುಕೋಟು ಬೀಗ ಒಡೆಯುವ ಪೈಕಿಯವನಲ್ಲ. ಮುಂಬಾಗಿಲು ತಟ್ಟಿ, ತೆರೆದ ಮೇಲೆ ಕಾಲೊರೆಸಿಕೊಂಡು ಒಳಗೆ ಬರುವವನು. ನೂರಾ ಹನ್ನೆರಡನೇ ಪುಟದಲ್ಲಿ ಅವನು ಊರನ್ನೇ ನಡುಗಿಸುವ ಅಧಿಕಾರಿಯ ಕುರ್ಚಿಯಲ್ಲಿ ಕೂತು, ಆ ಅಧಿಕಾರಿಯ ಕೈಯಲ್ಲೇ ಚಹಾ ಮಾಡಿಸಿಕೊಂಡು, ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿಯಾಯ್ತು" ಎನ್ನುತ್ತಾನೆ. ಆ ಪುಟದ ಮೂಲೆ ಮೂರು ಸಲ ಮುರಿದು ಬಿದ್ದಿದೆ. ಮೂರು ಸಲವೂ ನಗುತ್ತಲೇ ತೇಪೆ ಹಾಕಿದ್ದೇನೆ.

ಆ ಕಥೆಯನ್ನು ನನಗೆ ಮೊದಲು ಓದಿ ಹೇಳಿದ್ದು ಅಮ್ಮ. ಅವಳು ನಾಲ್ಕು ಮನೆಗಳ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಜೀವಮಾನವಿಡೀ ಹಿಂಬಾಗಿಲಲ್ಲೇ ನಿಂತು "ಅಮ್ಮಾವ್ರೇ" ಎಂದು ಕೂಗಿದವಳು. ಬೂದುಕೋಟು ಮುಂಬಾಗಿಲು ತಟ್ಟಿದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕಳ್ಳತನದ ಮೇಲೇನೂ ಅವಳಿಗೆ ಆಸೆ ಇರಲಿಲ್ಲ. ಯಾರದೋ ಅಂಗಿಯ ಜೇಬಿನಲ್ಲಿ ಒಂದು ಗುಂಡಿ ಸಿಕ್ಕರೂ ಅರ್ಧ ದಾರಿಯಿಂದ ಹಿಂದಿರುಗಿ ಕೊಟ್ಟು ಬರುವ ಹೆಂಗಸು. ಅವಳಿಗೆ ಬೇಕಿದ್ದದ್ದು ಹಾಗೆ ತಟ್ಟುವ ಧೈರ್ಯ. ಯಾರಿಗೆ ಬೇಡ ಹೇಳಿ?

ಕಥೆ ಕಡೆಗೆ ಸೇತುವೆಗೆ ಬರುತ್ತಿತ್ತು. ಎರಡೂ ತುದಿಯಲ್ಲಿ ಪೊಲೀಸರು. ಬೂದುಕೋಟು ತನ್ನ ಕೋಟು ಬಿಚ್ಚಿ, ಕಂಬಿಗೆ ನೇತುಹಾಕಿ, ಹೊಳೆಗೆ ಹಾರುತ್ತಾನೆ. ಅಮ್ಮ ಪುಸ್ತಕ ಮುಚ್ಚಿ, "ದಾಟ್ದ. ಅಷ್ಟೇ ಕಥೆ" ಎನ್ನುತ್ತಿದ್ದಳು.

ಅಷ್ಟೇ ಅಲ್ಲ, ಮುಂದೆ ಇನ್ನೂ ಹನ್ನೊಂದು ಪುಟ ಇದೆ ಎಂದು ತಿಳಿದದ್ದು ನಾನು ಈ ಕೆಲಸಕ್ಕೆ ಸೇರಿದ ಮೇಲೆ. ಅಧ್ಯಾಯದ ಹೆಸರೇ 'ನೇಣು'. ನಾನು ಓದಲಿಲ್ಲ. ಬೇರೆ ಯಾರೂ ಓದಿರಲಿಲ್ಲ. ಉಳಿದ ಪುಸ್ತಕವೆಲ್ಲ ಜನರ ಕೈಯಲ್ಲಿ ನುಗ್ಗಾಗಿದ್ದರೆ, ಆ ಹನ್ನೊಂದು ಪುಟಗಳು ಮಾತ್ರ ನಿನ್ನೆ ಅಚ್ಚಾದಂತಿದ್ದವು.

ಹೀಗಿರುವಾಗ ಗ್ರಂಥಾಲಯ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ನಿವೃತ್ತ ನ್ಯಾಯಾಧೀಶರು. ಕೆಮ್ಮಿದರೂ ತೀರ್ಪು ಕೊಟ್ಟಂತೆ ಕೇಳುವ ಮನುಷ್ಯ. ಕಳ್ಳರನ್ನು, ರೌಡಿಗಳನ್ನು ಮೆರೆಸುವ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಎಂದು ಬಂದ ವಾರವೇ ಪಟ್ಟಿ ಕೊಟ್ಟರು. ನಮ್ಮ ಗ್ರಂಥಪಾಲಕಿ ಮೇಡಂ ಅವರನ್ನು ನೇರ ನನ್ನ ಕೋಣೆಗೇ ಕರೆತಂದರು.

"ಸರ್, ಬೂದುಕೋಟು ಒಂದನ್ನ ಬಿಟ್ಬಿಡಿ. ಕೊನೇಲಿ ಅವನಿಗೆ ನೇಣಾಗತ್ತೆ. ನೀತಿ ಇದೆ" ಎಂದರು ಮೇಡಂ.

"ಆ ಕೊನೇನ ಜನ ಓದ್ತಾರೆ ಅನ್ನೋದಕ್ಕೆ ಸಾಕ್ಷಿ ಏನಮ್ಮ?"

"ಇವರನ್ನ ಕೇಳಿ ಸರ್. ಕೊಳೆ ನೋಡೇ ಹೇಳ್ತಾರೆ."

ಮೇಡಂ ಒಳ್ಳೆಯವರು, ಆದರೆ ಆ ಕ್ಷಣ ಅವರ ಬಾಯಿಗೆ ಅಂಟು ಹಚ್ಚಬೇಕೆನಿಸಿತು. "ಹೊಲಿಗೆ ಬಿಚ್ಚಿಟ್ಟಿದೀನಿ ಸರ್. ಗುರುವಾರ ತೋರಿಸ್ತೀನಿ" ಎಂದೆ. ಹೊಲಿಗೆ ಗಟ್ಟಿಯಾಗಿಯೇ ಇತ್ತು.

"ಆಗ್ಲಿ. ಓದಿದ್ರೆ ಉಳೀತು, ಇಲ್ದಿದ್ರೆ ರದ್ದಿಗೆ" ಎಂದು ಹೋದರು.

ಬುಧವಾರ ಊಟದ ಹೊತ್ತಿನಲ್ಲಿ ಕೋಣೆಯ ಚಿಲಕ ಹಾಕಿಕೊಂಡೆ. ಇಪ್ಪತ್ತಾರು ವರ್ಷ ಕೊಳೆ ತೆಗೆದವಳಿಗೆ ಕೊಳೆ ಹಚ್ಚಲು ಯಾರೂ ಹೇಳಿಕೊಡಬೇಕಿಲ್ಲ. ಕಪಾಟಿನ ನೆತ್ತಿಯ ಧೂಳನ್ನು ಬೆರಳಿಗೆ ಒತ್ತಿಕೊಂಡು ಒಂದೊಂದೇ ಮೂಲೆಗೆ ತಿಕ್ಕಿದೆ. ಎಲ್ಲ ಒಂದೇ ಬೆರಳಾದರೆ ಅನುಮಾನ ಬರುತ್ತದಲ್ಲ, ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ ಎಂದು ಬದಲಾಯಿಸಿದೆ. ಒಂದು ಪುಟಕ್ಕೆ ಚಹಾದ ಲೋಟದ ಗುರುತು, ಇನ್ನೊಂದಕ್ಕೆ ಬಿಸ್ಕತ್ತಿನ ಪುಡಿ. ನ್ಯಾಯಾಧೀಶರ ಮುಂದಿಡಲು ಸುಳ್ಳು ಸಾಕ್ಷ್ಯ! ಅಮ್ಮ ನೋಡಿದ್ದರೆ ಬೆನ್ನಿಗೆ ಎರಡು ಬಿಡುತ್ತಿದ್ದಳು, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದಳು.

ಪುಟ ಮುಂದಿದ್ದಾಗ ಕಣ್ಣು ಸುಮ್ಮನಿರಬೇಕಲ್ಲ. ಓದಿಬಿಟ್ಟೆ. ಬೂದುಕೋಟು ಹೊಳೆ ದಾಟಿದ್ದು ನಿಜ. ಮೈಮೇಲೆ ಕೋಟಿಲ್ಲ, ಚಳಿಗೆ ನಡುಗುತ್ತ ಆಚೆ ದಡದ ಒಂದು ಮನೆಗೆ ಹೋಗುತ್ತಾನೆ. ಪ್ರಾಣ ಹೋಗುತ್ತಿದ್ದರೂ ಬಾಗಿಲು ತಟ್ಟುತ್ತಾನೆ. ತಟ್ಟಿದ್ದರಿಂದಲೇ ಇವನು ಯಾರೆಂದು ಮನೆಯವರಿಗೆ ಗೊತ್ತಾಗುತ್ತದೆ. ಒಳಗೆ ಕೂರಿಸಿ, ಒಲೆ ಹಚ್ಚಿ ಕೊಟ್ಟು, ಪೊಲೀಸರಿಗೆ ಹೇಳಿ ಕಳಿಸುತ್ತಾರೆ. ಬರೆದವನ ಕೈ ಸೇದಿಹೋಗಲಿ ಎಂದು ಬೈದೆ. ಬೈಯುತ್ತಲೇ ಅತ್ತೆ. ಐವತ್ತು ದಾಟಿದ ಹೆಂಗಸು, ಇಲ್ಲದ ಕಳ್ಳನಿಗಾಗಿ ಅಳುತ್ತ ಕೂತಿದ್ದೆ.

ಗುರುವಾರ ಅಧ್ಯಕ್ಷರು ಭೂತಗನ್ನಡಿ ತಂದೇ ಬಂದರು. ಹನ್ನೊಂದು ಪುಟಗಳ ಮೂಲೆಗಳನ್ನು ಒಂದೊಂದಾಗಿ ನೋಡಿದರು. ಲೋಟದ ಗುರುತು ನೋಡಿ ಹುಬ್ಬೇರಿಸಿದರು. ಎಂಟನೇ ಪುಟದಲ್ಲಿ ಕಾಗದ ಉಬ್ಬಿಕೊಂಡ ಒಂದು ಸಣ್ಣ ಕಲೆಯ ಮೇಲೆ ಗಾಜು ನಿಂತಿತು.

"ಇಲ್ಲಿ ಯಾರೋ ಅತ್ತಿದಾರೆ" ಎಂದರು.

ಇಡೀ ಅಧ್ಯಾಯದಲ್ಲಿ ಅಸಲಿ ಸಾಕ್ಷ್ಯ ಅದೊಂದೇ.

"ಓದಿದಾರೆ. ಉಳೀಲಿ" ಎಂದು ಭೂತಗನ್ನಡಿ ಮಡಿಸಿಟ್ಟರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಒಂದು ವಾರ ನಾನೂ ನೋಡ್ತೀನಿ" ಎಂದು ಪುಸ್ತಕವನ್ನು ಬಗಲಿಗೆ ಸೇರಿಸಿದರು.

ವಾರ ಕಳೆಯಿತು. ಪುಸ್ತಕ ವಾಪಸ್ ಕೊಡಲು ಕೌಂಟರಿಗೆ ಹೋಗದೆ ನನ್ನ ಕೋಣೆಗೇ ಬಂದರು. ಬಾಗಿಲು ತೆರೆದೇ ಇತ್ತು. ಆದರೂ ತಟ್ಟಿದರು. ಕೋರ್ಟಿನ ಕಡತ ಕಟ್ಟುವ ಕೆಂಪು ದಾರದ ತುಂಡೊಂದು ಪುಸ್ತಕದಲ್ಲಿ ಗುರುತಿಗೆ ಇಟ್ಟದ್ದು ಹಾಗೇ ಇತ್ತು. ಎಲ್ಲಿದೆ ಎಂದು ನನ್ನ ಕಣ್ಣು ಆಗಲೇ ಅಳೆದಿತ್ತು. ಸೇತುವೆಯ ಪುಟ.

"ಪೂರ್ತಿ ಓದಿದ್ರಾ ಸರ್?" ಎಂದೆ. ಕೇಳಬಾರದಿತ್ತು.

ಅವರು ಸ್ಟೂಲಿನ ಮೇಲೆ ಕೂತರು. "ಆ ನೂರಾ ಹನ್ನೆರಡನೇ ಪುಟ ನಾಲ್ಕು ಸಲ ಓದ್ದೆ" ಎಂದರು. ಅವರ ಮುಖದಲ್ಲಿ ನಗು ಬಂದು ಹೋಯಿತು. "ಕೊನೇದು ಮಾತ್ರ ಆಗ್ಲಿಲ್ಲಮ್ಮ. ಸರ್ವಿಸಿನಲ್ಲಿ ಅಂಥ ಪುಟ ನಾನೇ ಎರಡು ಸಲ ಬರೆದಿದೀನಿ. ಮತ್ತೆ ಓದೋ ಶಕ್ತಿ ಇಲ್ಲ." ದಾರದ ತುದಿ ನೋಡುತ್ತ ಕೇಳಿದರು. "ಹಾರಿದ ಮೇಲೆ ಏನಾಗತ್ತೆ?"

ಕೊನೆಗೆ ನೇಣು ಎಂದು ಮೇಡಂ ಹೇಳಿದ್ದು ಅವರಿಗೆ ಮರೆತಿರಲಿಲ್ಲ. ಅದು ನನಗೂ ಗೊತ್ತಿತ್ತು.

"ದಾಟ್ದ ಸರ್. ಅಷ್ಟೇ ಕಥೆ."

ಅವರು ತಲೆಯಾಡಿಸಿ ಎದ್ದರು. ಕೆಂಪು ದಾರವನ್ನು ಅವರು ಕೇಳಲಿಲ್ಲ, ನಾನೂ ತೆಗೆಯಲಿಲ್ಲ.